ಬ್ಯಾರನ್ ಅತ್ತದ್ದು ಎಲ್ಲಾರಿಗೂ ಕಂಡ್ತು, ಅನ್ನಾನ್ನ ಯಾರು ಕೇಳಿದ್ರು?

ಹುಡುಗರು ನಾಲ್ಕು ಮಂದಿ ಕೂಡಿದಲ್ಲೆ ವಿಚರ್ ಆಟದ ಸುದ್ದಿ ಬಂತಂದ್ರ ಈ ಮಾತು ಬಂದಽ ಬರ್ತದ. "ಬ್ಯಾರನ್ ಕಥಿಯಂಥಾ ಕಥಿ ಇನ್ನೊಂದಿಲ್ಲ ಬಿಡು. ಮೊದಲು ರಾಕ್ಷಸ ಅನಸ್ತಾನ, ಪೂರಾ ಕೇಳಿದ ಮ್ಯಾಲೆ ಪಾಪ ಅನಸ್ತದ." ನನ್ನ ಮಗಾನೂ ಅಂತಾನ, ತಂಗಿ ಮಗಾನೂ ಅಂತಾನ, ಮೊನ್ನೆ ಸೊಸಿನೂ ಅಂದ್ಲು. ಕಥಿ ಛಲೋ ಅದ ಅನ್ನೋದರಾಗ ನಂದೇನೂ ತಕರಾರಿಲ್ಲ. ನಾನೂ ಆ ಆಟ ಎರಡು ಸರ್ತೆ ಮುಗಿಸೇನಿ, ಮೂರನೇದು ನಡದದ. ಆದ್ರ ಆ "ಪಾಪ" ಅನ್ನೋದು ಹೋಗಿ ಕೂತ ಜಾಗಾ ತಪ್ಪು. ಹೆಂಡ್ತಿನ್ನ ಬಡದಾಂವ ಪಾಪ, ಬಡಿಸ್ಕೊಂಡಾಕಿ ಕಥಿಯೊಳಗ ಮೂಲ್ಯಾಗ ಇಟ್ಟ ಸಾಮಾನು. ಇಷ್ಟು ಛಲೋ ಕಥಿ ಕಟ್ಟೋ ಮಂದಿ ಇಂಥಾ ಕೆಲಸ ಯಾಕ ಮಾಡಿದ್ರು ಅಂತ ನನಗ ಸಿಟ್ಟು. ಸುಮ್ಮನ ಬಿಡೋಣು ಅಂದ್ರ ಬಿಡಲಿಕ್ಕೆ ಆಗವಲ್ದು.

ಆಟ ಗೊತ್ತಿಲ್ಲದ ಅಕ್ಕಂದಿರಿಗೆ, ವೈನಿಗಳಿಗೆ ಸ್ವಲ್ಪ ಹೇಳ್ಬೇಕು. ಇದು ಕಾರ್ ಓಡ್ಸೋ ಆಟ ಅಲ್ಲ, ಬಣ್ಣದ ಮಿಠಾಯಿ ಕೂಡಿಸಿ ಒಡಿಯೋ ಆಟಾನೂ ಅಲ್ಲ. ಇದಕ್ಕ ರೋಲ್ ಪ್ಲೇಯಿಂಗ್ ಅಂತಾರ. ಅಂದ್ರ ನೀವು ಒಂದು ಪಾತ್ರದ ವೇಷ ಹಾಕ್ಕೊಂಡು ಕಥಿಯೊಳಗ ಇಳೀಬೇಕು. ದಾರಿಯೊಳಗ ಸಿಕ್ಕವರ ಜೋಡಿ ಮಾತಾಡ್ಬೇಕು, ಅವರು ಕೇಳಿದ್ದಕ್ಕ ಏನು ಉತ್ತರ ಕೊಡ್ಬೇಕು ಅಂತ ಎರಡು-ಮೂರು ಸಾಲು ಕಾಣಸ್ತಾವ, ಅದರಾಗ ಒಂದು ಆರಿಸ್ಬೇಕು. ನೀವು ಆರಿಸಿದಂಗ ಮುಂದ ಕಥಿ ಹೊಳ್ಳತದ. ಧಾರಾವಾಹಿ ನೋಡ್ಕೋತ "ಅಯ್ಯ, ಅಕಿ ಆ ಬಾಗಲಾ ತಗೀಬಾರದಿತ್ತು" ಅಂತ ನಾವು ಒದರ್ತೇವಲ್ಲಾ, ಇಲ್ಲೆ ಬಾಗಲಾ ತಗಿಯೋದು ಬಿಡೋದು ನಮ್ಮ ಕೈಯಾಗ ಇರ್ತದ. ಕತ್ತಿ ಕಾಳಗ ನಮಗ ಬರಂಗಿಲ್ಲ ಅಂತ ಹೆದರೋದು ಬ್ಯಾಡ. ಎಲ್ಲಾಕ್ಕಿಂತ ಹಗುರ ಹಂತಕ್ಕ ಅವರು "ಜಸ್ಟ್ ದ ಸ್ಟೋರಿ" ಅಂತನಽ ಹೆಸರು ಇಟ್ಟಾರ, ಕಥಿ ಒಂದಿದ್ರ ಸಾಕು ಅನ್ನೋವ್ರ ಸಲುವಾಗಿ. ನಾ ಆಡೋದು ಅದನ್ನಽ. ಬೆರಳಿನ ಸಂದಿ ನೋವಿಗೂ ಅದು ಅನುಕೂಲ.

ಇದರ ಮೂಲ ಪೋಲೆಂಡ್ ದೇಶದ್ದು. ಅಲ್ಲಿಯ ಲೇಖಕ ಸಪ್ಕೋವ್ಸ್ಕಿ ಅನ್ನಾಂವ 1986 ರಾಗ ಒಂದು ಪತ್ರಿಕೆಯೊಳಗ ಸಣ್ಣ ಕಥಿ ಬರದ, ಅದಽ ಬೆಳದು ದೊಡ್ಡ ಪುಸ್ತಕದ ಸಾಲಽ ಆತು. ಗೆರಾಲ್ಟ್ ಅಂತ ಬಿಳಿಕೂದಲದ ಒಬ್ಬಾಂವ, ರೊಕ್ಕಾ ತೊಗೊಂಡು ಪಿಶಾಚಿ, ಪ್ರಾಣಿ ಕೊಲ್ಲೋದು ಅಂವನ ದಂಧೆ. ಈ ಪುಸ್ತಕದ ಲೋಕಾ ಇಟ್ಕೊಂಡು ವಾರ್ಸಾದ ಸಿಡಿ ಪ್ರಾಜೆಕ್ಟ್ ರೆಡ್ ಅನ್ನೋ ಕಂಪನಿಯವರು ಆಟ ಮಾಡಿದ್ರು. ನಾ ಹೇಳೋದು ಮೂರನೇ ಆಟದ್ದು, 2015 ರ ಮೇ ತಿಂಗಳದಾಗ ಬಂದದ್ದು. ಅದಽ ವರ್ಷ ಅದಕ್ಕ ವರ್ಷದ ಆಟ ಅಂತ ಪ್ರಶಸ್ತಿನೂ ಬಂತು. ಒಂದು ಮಾತು ಇಲ್ಲೇ ಹೇಳಿಬಿಡ್ತೇನಿ. ಈ ಬ್ಯಾರನ್ ಪುಸ್ತಕದಾಗ ಇಲ್ಲ. ಆಟ ಮಾಡಿದವರು ತಾವಽ ಹುಟ್ಟಿಸಿದ ಪಾತ್ರ. ಹಿಂಗಾಗಿ "ಪುಸ್ತಕದಾಗ ಹಂಗಽ ಇತ್ತು" ಅಂತ ಮ್ಯಾಲಿನವರ ಮ್ಯಾಲೆ ಹಾಕಿ ಜಾರಿಕೊಳ್ಳಲಿಕ್ಕೆ ಬರಂಗಿಲ್ಲ.

ಕಥಿ ಹಿಂಗದ. ಗೆರಾಲ್ಟ್ ತನ್ನ ಸಾಕಿದ ಮಗಳನ್ನ ಹುಡುಕ್ಲಿಕ್ಕೆ ಹತ್ಯಾನ. ಅಕಿ ಹೆಸರು ಸಿರಿ. ಕೇಳಿದ ಕೂಡ್ಲೆ ನಮ್ಮ ಕಡೆ ಹೆಸರಽ ಅನ್ನಿಸಿಬಿಡ್ತು ನನಗ. ಹುಡುಕ್ಕೋತ ವೆಲೆನ್ ಅನ್ನೋ ಸೀಮಿಗೆ ಬರ್ತಾನ. ಯುದ್ಧ ತುಳದು ಹೋದ ನೆಲ, ಎಲ್ಲೆ ನೋಡಿದ್ರೂ ಕೆಸರು, ಗಿಡಕ್ಕ ನೇತು ಹಾಕಿದ ಹೆಣ, ಹಸಿದ ಮಂದಿ. ಅಲ್ಲೆ ಒಂದು ಕೋಟಿಯೊಳಗ ಫಿಲಿಪ್ ಸ್ಟ್ರೆಂಗರ್ ಅನ್ನೋ ಹಳೇ ಸೈನಿಕ ತಾನಽ ದೊರಿ ಅಂತ ಕೂತಾನ. ಮಂದಿ ಅಂವಗ ಬ್ಲಡಿ ಬ್ಯಾರನ್ ಅಂತಾರ. ಸಿರಿ ಅಂವನ ಮನ್ಯಾಗ ಇದ್ದು ಹೋಗ್ಯಾಳ. ಅಕಿ ಸುದ್ದಿ ಬೇಕಂದ್ರ ನನ್ನ ಹೆಂಡ್ತಿ ಅನ್ನಾ, ಮಗಳು ತಮಾರಾ ಕಾಣವಲ್ರು, ಅವರನ್ನ ಹುಡುಕಿಕೊಡು ಅಂತಾನ. ನೋಡ್ರಿ, ಒಬ್ಬ ತಂದಿಗೆ ಮಗಳ ಸುದ್ದಿ ಹೇಳ್ಲಿಕ್ಕೂ ಅಂವ ವ್ಯವಹಾರ ಇಡ್ತಾನ. ಮನಿ ಬಿಟ್ಟು ಹೋದ ಹೆಂಡ್ತಿ ಅದರಾಗ ಬೆಲಿ. ಇದನ್ನ ಯಾರೂ ಆಡಿ ತೋರಸಂಗಿಲ್ಲ.

ಗೆರಾಲ್ಟ್ ಮನಿ ಶೋಧ ಮಾಡೋ ಭಾಗ ಅದಲ್ಲಾ, ಅದಕ್ಕ ನಾ ಕೈ ಮುಗೀತೇನಿ. ಅಷ್ಟು ಛಲೋ ಅದ. ಗ್ವಾಡಿ ಮ್ಯಾಲೆ ಒಂದು ಚಿತ್ರಾ ತೂಗಹಾಕ್ಯಾರ. ಸರಿಸಿ ನೋಡಿದ್ರ ಹಿಂದ ಗ್ವಾಡಿ ಒಡದದ. ದಾರೂ ಚೆಲ್ಲಿದ ವಾಸನಿ ಇನ್ನೂ ಹೋಗಿಲ್ಲ. ನನ್ನ ಮಗಾ ಇದನ್ನ ಆಡೋವಾಗ ಕೆಂಪಗ ಹೊಳಿಯೋ ಗುರುತು ಹಿಡಕೊಂಡು ಒಂದೊಂದಽ ಒತ್ತಿ ಮುಂದ ಹೋದ, ಅಂವಗ ಅದು ಪತ್ತೇದಾರಿ ಆಟ. ನಾವು ಹೆಂಗಸರು ಅಂಥಾ ಖೋಲಿಯೊಳಗ ಕಾಲಿಟ್ರ ಗುರುತು ಹೊಳೀಬೇಕಾಗೇ ಇಲ್ಲ. ಕ್ಯಾಲೆಂಡರ್ ತೂಗೋ ಎತ್ತರ ಬಿಟ್ಟು ಸೊಂಟದ ಎತ್ತರಕ್ಕ ಮಳಿ ಹೊಡದು ಕ್ಯಾಲೆಂಡರ್ ಹಾಕ್ಯಾರಂದ್ರ ಯಾಕ? ಹೊಸಾ ಪಡದೆ ಬ್ಯಾಸಗಿಯೊಳಗ ಯಾಕ ಕಟ್ಯಾರ? ಅಡಗಿಮನಿ ಕಪಾಟಿನ ಬಾಗಲಾ ಒಂದಽ ಯಾಕ ಬ್ಯಾರೆ ಬಣ್ಣ ಅದ? ಕೇಳಂಗಿಲ್ಲ, ಆದ್ರ ತಿಳೀತದ. ಕಸಾ ಹೊಡಿಯೋವ್ರಿಗೆ ಮನಿ ತಾನಽ ಹೇಳ್ತದ. ಆಟ ಮಾಡಿದವರಿಗೆ ಇಷ್ಟು ಗೊತ್ತಿತ್ತು ಅನ್ನೋದಕ್ಕಽ ಮುಂದಿನದು ಹೆಚ್ಚು ಸಿಟ್ಟು ಬರ್ತದ.

ಆ ಊರಾಗ ಮಂತ್ರ-ಮದ್ದು ಮಾಡೋ ಮುದುಕ ಒಬ್ಬಾಂವ ಇರ್ತಾನ. ತನ್ನ ಕಳದ ಆಡು ಹುಡುಕಿಕೊಟ್ರಽ ಬಾಯಿ ಬಿಡ್ತಾನಂತ. ಆಡಿನ ಹೆಸರು ಪ್ರಿನ್ಸೆಸ್. ಅದಕ್ಕ ಗಂಟಿ ಬಾರಿಸ್ಕೋತ ಕರಕೊಂಡು ಬರೋ ಹೊತ್ತಿಗೆ ನಾ ನಕ್ಕು ನಕ್ಕು ಸಾಕಾಗಿದ್ದೆ. ನಗಿ ಮುಗಿಯೋದರಾಗ ಎದಿ ಒಡಿಯೋ ಸುದ್ದಿ. ಅನ್ನಾ ಬಸುರಿ ಇದ್ಲು, ಹೊಟ್ಟಿ ಇಳದದ. ವಾಪಸ್ ಕೋಟಿಗೆ ಬಂದ್ರ ಕುದುರಿ ಲಾಯ ಉರೀಲಿಕ್ಕೆ ಹತ್ತೇದ, ಬ್ಯಾರನ್ ಕುಡದು ಮೈಮ್ಯಾಲೆ ಎಚ್ಚರಿಲ್ಲದ ಗೆರಾಲ್ಟನ ಮ್ಯಾಲೆ ಏರಿ ಬರ್ತಾನ. ಆಮ್ಯಾಲೆ ಶುರು ಆಗ್ತದ ಅಂವನ ಮಾತು.

ಏನು ಮಾತು ಅಂತೀರಿ! ಯುದ್ಧಕ್ಕ ಹೋದದ್ದು, ವರ್ಷಗಟ್ಟಲೆ ಮನಿ ಕಡೆ ಬರದಿದ್ದದ್ದು, ಕುಡೀಲಿಕ್ಕೆ ಕಲ್ತದ್ದು. ಬಂದು ನೋಡಿದ್ರ ಅನ್ನಾ ತನ್ನ ಬಾಲ್ಯದ ಗೆಳೆಯಾ ಎವಾನ್ ಅನ್ನಾಂವನ ಜೋಡಿ ಹೋಗಿದ್ಲಂತ. ಬೆನ್ನುಹತ್ತಿ ಹೋಗಿ ಅಂವನ್ನ ಕೊಂದನಂತ. ಅಕಿ ಚಾಕು ಹಿಡಕೊಂಡು ಇಂವನ ಮ್ಯಾಲೆ ಬಂದ್ಲಂತ, ಅವತ್ತು ಮೊದಲನೇ ಸರ್ತೆ ಕೈ ಎತ್ತಿದ್ನಂತ. ಆಮ್ಯಾಲೆ ಕುಡದಾಗೊಮ್ಮೆ ನಡೀತಂತ. ಅಕಿನೂ ಸುಮ್ಮನಿರ್ತಿದ್ದಿಲ್ಲ, ಮಾತಿಲೆ ಚುಚ್ಚತಿದ್ಲು ಅನ್ನೋ ಅರ್ಥ ಬರೋಹಂಗನೂ ಹೇಳ್ತಾನ, ನಡುವ "ನಾ ನೆವಾ ಹೇಳವಲ್ಲೆ" ಅನ್ನೋ ಭಾವನೂ ತರ್ತಾನ. ಧ್ವನಿ ಎಂಥಾದ್ದು ಕೊಟ್ಟಾರ ಅಂದ್ರ, ದೊಡ್ಡ ದೇಹ, ಒಡದ ಗಂಟಲ, ಮಾತಿನ ನಡುವ ಉಸುರು ಹಿಡಿಯೋದು. ಕಲ್ಲೂ ಕರಗ್ತದ.

ಈ "ಅಕಿನೂ ಸುಮ್ಮನಿರ್ತಿದ್ದಿಲ್ಲ" ಅನ್ನೋ ಸಾಲು ನಾವೆಲ್ಲಾ ಎಷ್ಟು ಸರ್ತೆ ಕೇಳೇವಿ? ಮದುವಿ ಮನಿಯೊಳಗ ಕಾಯಿಪಲ್ಯಾ ಹೆಚ್ಕೋತ ಕೇಳೇವಿ, ನೀರಿನ ಸರತಿಯೊಳಗ ನಿಂತು ಕೇಳೇವಿ. ಅಕಿ ಬಾಯಿ ಜೋರು. ಅಕಿಗೆ ಗಂಡನ್ನ ಹೆಂಗ ಇಟ್ಕೋಬೇಕು ಅಂತ ತಿಳೀವಲ್ದು. ಆ ಸಾಲು ಪೋಲೆಂಡಿನಿಂದ ಬಂದ ಆಟದಾಗ, ಅದೂ ರಾಕ್ಷಸರ ಲೋಕದ ಕಥಿಯೊಳಗ ಸಿಕ್ಕಾಗ ನನಗೇನೂ ಆಶ್ಚರ್ಯ ಆಗ್ಲಿಲ್ಲ. ರಾಕ್ಷಸರು ಊರೂರಿಗೂ ಬ್ಯಾರೆ ಬ್ಯಾರೆ ಇರ್ತಾರೇನೋ, ಈ ಮಾತು ಮಾತ್ರ ಎಲ್ಲಾ ಕಡೆ ಒಂದಽ.

ಮುಂದ ಬರೋದು ಕೂಸಿಗೆ ಹೆಸರಿಡೋ ಭಾಗ. ಆಟದ ಅತಿ ದೊಡ್ಡ ಭಾಗ ಅಂತ ಎಲ್ಲಾರೂ ಹೊಗಳೋದು ಇದನ್ನಽ. ಹೊಟ್ಟಿಯೊಳಗಿಂದಽ ಹೋದ ಕೂಸಿಗೆ ಹೆಸರಿಡದ, ಸಂಸ್ಕಾರ ಮಾಡದ ಹೂತುಬಿಟ್ರ ಅದು ಪಿಶಾಚಿ ಆಗಿ ಬಸುರೇರನ್ನ ಕಾಡ್ತದ ಅನ್ನೋ ಹಳ್ಳಿ ನಂಬಿಕಿ ಆ ಕಡೇನೂ ಅದ. ಬ್ಯಾರನ್ ಹಂಗಽ ಹೂತಿರ್ತಾನ. ಗೆರಾಲ್ಟ್ ಅದನ್ನ ಕೊಂದು ಮುಗಸಬಹುದು, ಇಲ್ಲಾಂದ್ರ ಅಪ್ಪನ ಕೈಯಾಗ ಕೊಟ್ಟು ಹೆಸರಿಡಿಸಬಹುದು. ಎರಡನೇದು ಆರಿಸಿದ್ರ ಬ್ಯಾರನ್ ಆ ವಿಕಾರ ಕೂಸನ್ನ ಎದಿಗೆ ಹಿಡಕೊಂಡು ರಾತ್ರಿಯೊಳಗ ನಡೀತಾನ, ಡೇಯಾ ಅಂತ ಹೆಸರಿಟ್ಟು ಮಗಳು ಅಂತ ಒಪ್ಕೊಂಡು ಹೊಸ್ತಿಲದ ಬುಡಕ ಹೂಳ್ತಾನ. ಆಮ್ಯಾಲೆ ಅದು ಮನಿ ಕಾಯೋ ಆತ್ಮ ಆಗಿ ಅನ್ನಾ-ತಮಾರಾ ಹೋದ ದಾರಿ ತೋರಸ್ತದ. ಮೊದಲನೇ ಸರ್ತೆ ನೋಡ್ದಾಗ ನನಗ ಪರದೆನಽ ಕಾಣದಂಗ ಆಗಿತ್ತು. ದಿನಾ ಹೊಸ್ತಿಲಾ ತೊಳದು ಅರಿಶಿಣ ಕುಂಕುಮ ಹಚ್ಚೋ ಕೈ ನಮ್ಮದು, ಅದರ ಬುಡಕ ಒಂದು ಕೂಸು ಮಲಗೇದ ಅಂದ್ರ ಹೆಂಗಾಗ್ಬೇಕು ಹೇಳ್ರಿ.

ಆದ್ರ ಎರಡನೇ ಸರ್ತೆ ಆಡೋವಾಗ ಒಂದು ಹೊಳೀತು. ಹೆತ್ತಾಕಿ ಎಲ್ಲೆ? ಅಕಿ ಹೊಟ್ಟಿಯೊಳಗಿನ ಕೂಸು, ಅಕಿ ಇಲ್ಲದಽ ನಾಮಕರಣ. ಅಕಿಗೆ ಏನು ಹೆಸರು ಇಡೋದಿತ್ತು, ಇಡೋದಽ ಇತ್ತೋ ಇಲ್ಲೋ, ಯಾರೂ ಕೇಳಂಗಿಲ್ಲ. ಮುಂದ ಅಕಿ ಸಿಗ್ತಾಳಲ್ಲಾ, ಆವಾಗರ "ಕೂಸಿಗೆ ಹಿಂಗ ಹೆಸರಿಟ್ವಿ" ಅಂತ ಕೂತು ಹೇಳೋ ಒಂದು ಮಾತುಕತಿ ಇದ್ರ ಏನಾಗ್ತಿತ್ತು? ಅಂವನ ಪಶ್ಚಾತ್ತಾಪಕ್ಕ ಅಷ್ಟು ದೊಡ್ಡ ವೇದಿಕಿ, ಅಷ್ಟು ದೊಡ್ಡ ರಾತ್ರಿ. ಪಶ್ಚಾತ್ತಾಪ ಯಾರ ಮುಂದ ಪಡಬೇಕೋ ಅವರನ್ನ ಬಿಟ್ಟು ಉಳದವರೆಲ್ಲಾ ಅಲ್ಲಿ ಹಾಜರ್.

ಇನ್ನೊಂದು ಚಾಲಾಕಿ ಅದ. ಬ್ಯಾರನ್ ಸಿರಿ ಸುದ್ದಿ ಹೇಳೋವಾಗೆಲ್ಲಾ ಆಟ ಒಮ್ಮಿಂದೊಮ್ಮೆ ನಮ್ಮನ್ನ ಸಿರಿ ಮಾಡಿಬಿಡ್ತದ. ಅಕಿ ಗ್ರೆಟ್ಕಾ ಅನ್ನೋ ಪೋರಿನ್ನ ಕಾಡಿನಿಂದ ಉಳಿಸ್ಕೊಂಡು ಬರೋದು, ಬ್ಯಾರನ್ ಆಸರಾ ಕೊಡೋದು, ಹಂದಿ ಬೇಟಿ, ಕುದುರಿ ಪಂದ್ಯ, ಊಟ, ನಗಿ. ಸಿರಿ ಪಾಲಿಗೆ ಅಂವ ದೊಡ್ಡ ಮನಸಿನ ಯಜಮಾನ. ಇದೂ ಖರೇನ ಮಾತು, ಹೆಂಡ್ತಿಗೆ ಬಡಿಯೋ ಗಂಡಸರು ಹೊರಗಿನವರಿಗೆ ಭಾಳ ಛಲೋ ಇರ್ತಾರ. ಪಂಕ್ತಿಯೊಳಗ ತಾವಽ ಓಡ್ಯಾಡಿ ಬಡಸ್ತಾರ, ಬಂದವರ ಹುಡುಗರಿಗೆ ಚಾಕ್ಲೇಟ್ ಕೊಡ್ತಾರ. ಆದ್ರ ನಾ ಕೇಳೋದು ಇಷ್ಟಽ. ಬ್ಯಾರನ್ ಹೇಳೋ ಕಥಿಯೊಳಗ ನಮ್ಮನ್ನ ಸಿರಿ ಮಾಡಲಿಕ್ಕೆ ಬರ್ತದಂದ್ರ, ಹತ್ತು ನಿಮಿಷ ಅನ್ನಾ ಮಾಡಲಿಕ್ಕೆ ಯಾಕ ಬರಲಿಲ್ಲ? ಮಗಳನ್ನ ಕರಕೊಂಡು ಮನಿ ಬಿಡೋ ರಾತ್ರಿ ಅದಲ್ಲಾ, ಗಂಡ ಕುಡದು ಬಾಗಲಾಗ ಅಡ್ಡ ನಿಂತ ರಾತ್ರಿ, ಆ ರಾತ್ರಿ ಅಕಿ ಕಣ್ಣಿಲೆ ನೋಡೋಹಂಗ ಮಾಡಿದ್ದಿದ್ರ? ಪಾವಟಿಗಿ ಸಪ್ಪಳಾ ಆಗದಂಗ ಇಳಿಯೋದು, ಮಗಳ ಕೈ ಹಿಡಿಯೋದು, ಅಂವಗ ಯಾವ ಉತ್ತರ ಕೊಟ್ರ ಕೈ ಏಳಂಗಿಲ್ಲ ಅಂತ ಮೂರು ಸಾಲಿನಾಗ ಒಂದು ಆರಿಸೋದು. ಅವರ ಕೈಯಾಗ ಸಾಮಾನು ಎಲ್ಲಾ ಇತ್ತು. ಕತ್ತಿ ಹಿಡದ ಹುಡುಗಿ ಆಗಲಿಕ್ಕೆ ಕೊಟ್ರು, ಬಸುರಿ ಹೆಂಗಸು ಆಗಲಿಕ್ಕೆ ಕೊಡಲಿಲ್ಲ.

ಅನ್ನಾ ಸಿಗೋದು ಎಲ್ಲೆ ಗೊತ್ತೇನು? ಕ್ರೂಕ್‌ಬ್ಯಾಕ್ ಬಾಗ್ ಅನ್ನೋ ಕೆಸರಿನ ಕಾಡಿನಾಗ, ಅನಾಥ ಹುಡುಗರನ್ನ ಕಾಯ್ಕೋತ. ಹುಡುಗರು ಅಕಿಗೆ ಅಜ್ಜಿ ಅಂತ ಕರೀತಾವ. ಅಷ್ಟು ಸೊರಗ್ಯಾಳ. ಆ ಕಾಡಿನ ಮೂರು ಮಾಟಗಾತಿಯರಿಗೆ ಹೆದರಿ ನಡಗ್ತಾಳ. ಮಾತಾಡ್ತಾಳ, ಇಲ್ಲಂತಲ್ಲ. ಹುಡುಗರ ಬಗ್ಗೆ ಮಾತಾಡ್ತಾಳ, ಆ ಮೂವರ ಅಂಜಿಕಿ ಬಗ್ಗೆ ಮಾತಾಡ್ತಾಳ. ತನ್ನ ಕಥಿ ಹೇಳಂಗಿಲ್ಲ. ಅದನ್ನ ಹೇಳೋರು ಆ ಮಾಟಗಾತಿಯರು: ಹೊಟ್ಟ್ಯಾಗಿಂದು ನನಗ ಬ್ಯಾಡ ಅಂತ ಅನ್ನಾನಽ ಬಂದು ಬೇಡಿಕೊಂಡಿದ್ಲು, ಅದಕ್ಕ ಒಂದು ವರ್ಷ ನಮ್ಮ ಚಾಕರಿ ಮಾಡ್ತೇನಿ ಅಂತ ಮಾತು ಕೊಟ್ಟಾಳ ಅಂತ. ಅಲ್ಲೀ ತನಕಾ ಹೊಡತಕ್ಕಽ ಕೂಸು ಹೋತು ಅಂತ ತಿಳದಿರ್ತೇವಿ. ಇಲ್ಲೆ ಕಥಿ ಸಂದೂಕಿನ ತಳಾ ತಗದು ತೋರಿಸಿದಂಗ ಮಾಡಿ, ನೋಡು, ಅಂವನಽ ಪೂರಾ ತಪ್ಪಲ್ಲ ಅಂತದ. ಬ್ಯಾರನ್ ತಲಿ ಮ್ಯಾಲಿನ ಹೊರಿ ಅರ್ಧಾ ಇಳೀತು. ಇಳದದ್ದು ಯಾರ ತಲಿ ಮ್ಯಾಲೆ ಕೂತ್ತು?

ಎಂಥಾ ಮನಿಯೊಳಗ ಇದ್ರ ಒಬ್ಬ ಹೆಂಗಸು ರಾತ್ರಿ ಕಾಡಿಗೆ ಹೋಗಿ ಮಾಟಗಾತಿಯರ ಕಾಲು ಹಿಡೀತಾಳ? ಇದು ಕಥಿಯೊಳಗಿನ ಎಲ್ಲಾಕ್ಕಿಂತ ದೊಡ್ಡ ಪ್ರಶ್ನಿ. ಗಂಡನ ದುಃಖಕ್ಕ ದಾರೂ, ಬೆಂಕಿ, ನಾಮಕರಣ, ತಾಸುಗಟ್ಟಲೆ ಮಾತು ಸಿಕ್ತು. ಈ ಪ್ರಶ್ನಿಗೆ ಸಿಕ್ಕದ್ದು ಮೂರು ಮಾಟಗಾತಿಯರ ಬಾಯಿಂದ ಬಂದ ಎರಡು ಸಾಲು. ಅದೂ ಅನ್ನಾ ಪರವಾಗಿ ಮಾತಾಡೋ ಬಾಯಿ ಅಲ್ಲ ಅದು, ಸಾಲಾ ವಸೂಲಿ ಮಾಡೋರ ಬಾಯಿ.

ಕಡೀಕೆ ಏನಾಗ್ತದ? ಆ ಕಾಡಿನಾಗ ಒಂದು ಗಿಡದ ಬುಡಕ ಸಿಗಬಿದ್ದ ಆತ್ಮ ಇರ್ತದ. ಅದನ್ನ ಬಿಡಿಸಿದ್ರ ಅನಾಥ ಹುಡುಗರು ಉಳೀತಾವ, ಅನ್ನಾ ಮ್ಯಾಲೆ ಶಾಪ ಬಿದ್ದು ವಿಕಾರ ಆಗ್ತಾಳ, ಶಾಪ ಬಿಡಿಸಿದ ಸ್ವಲ್ಪ ಹೊತ್ತಿಗೆ ಪ್ರಾಣ ಬಿಡ್ತಾಳ. ಬ್ಯಾರನ್ ತನ್ನ ಕೋಟಿಯೊಳಗಿನ ಗಿಡಕ್ಕ ಉರ್ಲ ಹಾಕ್ಕೋತಾನ. ಆತ್ಮಾ ಕೊಂದ್ರ ಹುಡುಗರು ಆ ಮಾಟಗಾತಿಯರ ಬಾಯಿಗೆ ಹೋಗ್ತಾವ, ಅನ್ನಾ ಬದುಕ್ತಾಳ, ಆದ್ರ ಬುದ್ಧಿ ಜಾಗಾ ಮ್ಯಾಲಿರಂಗಿಲ್ಲ. ಬ್ಯಾರನ್ ಕುಡಿಯೋದು ಬಿಟ್ಟು ಅಕಿನ್ನ ಕರಕೊಂಡು ದೂರದ ಗುಡ್ಡದಾಗಿನ ವೈದ್ಯನ ಹಂತ್ಯಾಕ ಹೋಗ್ತಾನ. ಎರಡು ದಾರಿಯೊಳಗ ಒಂದರಾಗ ಹೆಣಾ, ಒಂದರಾಗ ಹುಚ್ಚಿ. ಬಾಯಿ ಇದ್ದಾಕಿ ಯಾವುದರಾಗೂ ಇಲ್ಲ. ಎರಡನೇದಕ್ಕ ಮಂದಿ "ಸುಖಾಂತ" ಅಂತಾರ. ಗಂಡಾ ಸುಧಾರಿಸ್ದಾ ಅಂತ. ಹುಚ್ಚಿ ಹೆಂಡ್ತಿನ್ನ ಕೈ ಹಿಡದು ನಡಸೋದು ಸುಲಭ ರೀ, ಹೊಳ್ಳಿ ಮಾತಾಡಂಗಿಲ್ಲಲ್ಲಾ. ಶಾಣ್ಯಾ ಆಗಿ ಎದುರು ಕೂತು "ನಾ ನಿನ್ನ ಜೋಡಿ ಬರಂಗಿಲ್ಲ" ಅಂತ ಅಂದ್ರ ಅಂವ ಏನು ಮಾಡ್ತಿದ್ದ? ಅದನ್ನ ನೋಡ್ಬೇಕಿತ್ತು ನನಗ.

ಮಗಾ ಇದಕ್ಕ ಒಂದು ಉತ್ತರ ಇಟ್ಕೊಂಡಾನ. "ಅವ್ವಾ, ಅದಽ ಮರ್ಮ. ಗಂಡನ ಬಾಯಿಂದಽ ಕಥಿ ಬರ್ತದ, ಆಡೋರಿಗೆ ಅನುಮಾನ ಬರ್ಲಿ ಅಂತ ಹಂಗ ಬರದಾರ. ಬೇಕಂದ್ರ ಗೆರಾಲ್ಟ್ ಅಂವಗ ಖಾರವಾಗಿ ಮಾತಾಡಬಹುದು." ಖರೇ, ಆಡಬಹುದು. ನಾ ಆಡೇನಿ. ಆದ್ರ ಅನುಮಾನ ಬಂದಾಂವ ಎಲ್ಲೆ ಹೋಗಿ ಕೇಳ್ಬೇಕು? ಅನುಮಾನ ಹುಟ್ಟಿಸಿ ಬಾಗಲಾ ಹಾಕ್ಕೊಂಡ್ರ ಅದು ಮರ್ಮ ಅಲ್ಲ. ಮತ್ತ ಖರೇನ ಆ ಮರ್ಮ ನಿಮಗ ಮುಟ್ಟಿದ್ರ, ಆಟ ಮುಗಿಸಿ ಎದ್ದ ಹುಡುಗರ ಬಾಯಾಗ "ಪಾಪ ಅನ್ನಾ" ಅನ್ನೋದು ಮೊದಲು ಬರ್ಬೇಕಿತ್ತು. ನಮ್ಮನ್ಯಾಗ ಇಷ್ಟು ಮಂದಿ ಆಡ್ಯಾರ, ಒಬ್ಬರ ಬಾಯಾಗೂ ನಾ ಕೇಳಿಲ್ಲ.

ನಮ್ಮ ಬೈಲಹೊಂಗಲ ಕಡೆ ಸಂಗ್ಯಾ-ಬಾಳ್ಯಾ ಆಟ ನೆನಪು ಮಾಡ್ಕೋರಿ. ಅಲ್ಲೂ ಹೆಂಡ್ತಿ ಬ್ಯಾರೆಯವನ ಕಡೆ ಹೊಳ್ಯಾಳ, ಅಲ್ಲೂ ಗಂಡ ಅಂವನ್ನ ಕೊಲ್ತಾನ. ಆದ್ರ ಆ ಕಟ್ಟಿ ಮ್ಯಾಲೆ ಗಂಗಿ ಬರ್ತಾಳ, ಹಾಡ್ತಾಳ, ವಾದಾ ಮಾಡ್ತಾಳ. ಅಕಿ ಮಾಡಿದ್ದು ಸರಿಯೋ ತಪ್ಪೋ ಅಂತ ಬೆಳತನಕಾ ಕೂತ ಮಂದಿ ಜಗಳಾಡಬಹುದು, ಯಾಕಂದ್ರ ಅಕಿ ಮಾತು ಕಿವಿ ಮ್ಯಾಲೆ ಬಿದ್ದಿರ್ತದ. ಗ್ಯಾಸಬತ್ತಿ ಬೆಳಕಿನಾಗ ಹಳ್ಳಿ ಮಂದಿ ಮಾಡಿದ್ದು ಇಷ್ಟು ದೊಡ್ಡ ಕಂಪನಿಗೆ ಆಗಲಿಲ್ಲ ಅಂದ್ರ?

ತಮಾರಾನ್ನ ಮರೀಬಾರದು. ಮಗಳು ಆಕ್ಸೆನ್‌ಫರ್ಟ್ ಊರಾಗ ಸಿಗ್ತಾಳ, ಅಪ್ಪನ ಹಂತ್ಯಾಕ ಬರಂಗಿಲ್ಲ ಅಂತ ಸಾಫ್ ಹೇಳ್ತಾಳ. ಹುಟ್ಟಿದಾಗಿಂದ ಆ ಮನಿಯೊಳಗ ಕಂಡದ್ದು ಅಕಿ ಕಣ್ಣಾಗದ. ನನಗ ಭಾಳ ಸೇರಿದ ಪಾತ್ರ. ಆದ್ರ ಅಕಿನ್ನ ಬರದವರು ಎಲ್ಲೆ ನಿಲ್ಲಿಸ್ಯಾರ ನೋಡ್ರಿ: ಮಾಟಗಾತಿಯರನ್ನ ಸುಡೋ ಮಂದಿ ಜೋಡಿ. ಆಟದಾಗ ಅವರಿಗಿಂತ ಕೆಟ್ಟ ಮಂದಿ ಕಡಿಮಿ. ಹಿಂಗಾಗಿ ಸಾಕ್ಷಿ ಹೇಳೋ ಒಬ್ಬಳಽ ಒಬ್ಬಾಕಿ ವೈರಿ ಅಂಗಿ ಹಾಕ್ಕೊಂಡು ಬಂದಂಗಾತು. ಹುಡುಗರು ಅಕಿ ಮಾತು ಅರ್ಧಾ ಕೇಳಿ "ಇಕಿ ತಲಿ ಕೆಟ್ಟದ" ಅಂತ ಒತ್ತಿ ಮುಂದ ಹೋಗ್ತಾರ. ಅಪ್ಪನ ಮಾತಿಗೆ ಹಂಗ ಒತ್ತಂಗಿಲ್ಲ.

ಇವರಿಗೆ ಬರಂಗಿಲ್ಲ ಅಂತಿದ್ರ ನಾ ಇಷ್ಟು ಉದ್ದಾ ಬರೀತಿದ್ದಿಲ್ಲ. ಬರ್ತದ! ಅದಽ ಆಟದಾಗ ಸಿರಿ ಕಥಿ ನೋಡ್ರಿ. ಕಡೀಕೆ ಸಿರಿ ಉಳೀತಾಳೋ ಇಲ್ಲೋ ಅನ್ನೋದು ಗೆರಾಲ್ಟ್ ಕತ್ತಿ ಮ್ಯಾಲೆ ಇಲ್ಲ. ಅಪ್ಪ ಆಗಿ ಅಂವ ಹೆಂಗ ನಡಕೊಂಡಾ ಅನ್ನೋದರ ಮ್ಯಾಲದ. ಮಗಳು ಸೋತು ಕೂತಾಗ ದಾರೂ ಗಿಲಾಸು ಮುಂದಿಡ್ತೀರೋ, ಹಿಮದ ಉಂಡಿ ಮಾಡಿ ಒಗದು ಅಕಿನ್ನ ನಗಸ್ತೀರೋ. ಮಂತ್ರವಾದಿ ಹೆಂಗಸರ ಸಭಾಕ್ಕ ಅಕಿ ಹೋಗೋವಾಗ ಬೆನ್ನಿಗೆ ನೀವೂ ನುಗ್ತೀರೋ, ಒಬ್ಬಾಕಿನಽ ಮಾತಾಡಿ ಬಾ ಅಂತ ಬಿಡ್ತೀರೋ. ತನ್ನ ಸಲುವಾಗಿ ಸತ್ತ ಹುಡುಗನ ಸಮಾಧಿಗೆ ಹೋಗ್ಬೇಕು ಅಂದ್ರ ಹೊತ್ತಿಲ್ಲ ಅಂತೀರೋ, ನಡಿ ಅಂತೀರೋ. ಸಿಟ್ಟು ಬಂದು ಸಾಮಾನು ಒಡೀತೇನಿ ಅಂದ್ರ ಕೈ ಹಿಡೀತೀರೋ, ಒಡಿ ಅಂತೀರೋ. ಇಂಥಾ ಸಣ್ಣ ಸಣ್ಣ ಮಾತು. ಯಾವುದು ಲೆಕ್ಕಕ್ಕ ಬರ್ತದ ಅಂತ ಆಟ ಮುಂಚೆ ಹೇಳಂಗಿಲ್ಲ. ಮೊದಲನೇ ಸರ್ತೆ ನನ್ನ ಮಗಾ ಗಿಲಾಸು ಆರಿಸಿದ್ದ, ಸಭಾಕ್ಕೂ ಬೆನ್ನುಹತ್ತಿ ಹೋಗಿದ್ದ, "ಕಾಳಜಿ ಮಾಡಿದೆ" ಅಂತ. ಸಿರಿ ವಾಪಸ್ ಬರ್ಲಿಲ್ಲ. ಎರಡು ದಿನಾ ಮಾರಿ ಇಳಿಬಿಟ್ಕೊಂಡಿದ್ದ. ಹೆಣ್ಣುಮಕ್ಕಳ ಪರವಾಗಿ ನಾವಽ ಮಾತಾಡಿಬಿಡೋದು ಕಾಳಜಿ ಅಲ್ಲ ಅಂತ ಇಷ್ಟು ಸೂಕ್ಷ್ಮಾಗಿ ಹೇಳೋ ಆಟ ನಾ ಇನ್ನೊಂದು ಕಂಡಿಲ್ಲ. ಇದನ್ನ ಬರದ ಮಂದಿನಽ ಅನ್ನಾನ್ನ ಕೆಸರಿನಾಗ ಬಿಟ್ಟದ್ದು. ಹರೇದ ಮಗಳ ಮನಸು ತಿಳೀತು. ನಡುವಯಸ್ಸಿನ ಹೆಂಡ್ತಿದು ತಿಳಕೋಬೇಕು ಅಂತ ಅನಸಲಿಲ್ಲ.

ಇಷ್ಟಕ್ಕೂ ಇದು ಆಟ, ಇದಕ್ಕ್ಯಾಕ ಇಷ್ಟು ಅಂತ ಕೇಳೋರು ಇರ್ತೀರಿ. ನಮ್ಮ ಬಳಗದಾಗಽ ಆದದ್ದು ಒಂದು ಹೇಳ್ತೇನಿ, ಹೆಸರು ಬ್ಯಾಡ, ಗೊತ್ತಿದ್ದವರಿಗೆ ಗೊತ್ತಾಗ್ತದ. ಒಬ್ಬಾಕಿ ಗಂಡನ ಮನಿ ಬಿಟ್ಟು ತವರಿಗೆ ಬಂದ್ಲು. ಮೂರು ಸರ್ತೆ ಹಿರಿಯಾರು ಅಂವನ ಮನಿಗೆ ಹೋದ್ರು. ಅಂವ ಚಹಾ ಮಾಡಿ ಕೊಟ್ಟ, ಕಣ್ಣೀರು ಹಾಕ್ದಾ, ತಪ್ಪಾಗೇದ ಅಂದ, ಅಕಿನೂ ಸುಮ್ಮನಿರಂಗಿಲ್ಲ ಅಂದ. ಬಂದವರು ಪಡಸಾಲಿಯೊಳಗ ಕೂತು "ಎಷ್ಟು ಇಳದಾನ, ಪಾಪ" ಅಂದ್ರು. ಅಕಿನ್ನ ಕೇಳೀರೇನು ಅಂತ ನಾ ಅವತ್ತಽ ಕೇಳಿದ್ದೆ. "ಅಕಿ ಮಾತಽ ಆಡವಲ್ಲಳು, ಏನು ಕೇಳೋದು" ಅಂದ್ರು. ಎರಡು ತಿಂಗಳು ಯಾರೂ ಅಕಿ ತವರಿನ ಬಾಗಲಾ ತುಳೀಲಿಲ್ಲ. ಮಾತಾಡಂಗಿಲ್ಲ ಅಂತ ಹೇಳಿದವರು ಅಕಿ ಎದುರು ಕೂತಽ ಇದ್ದಿಲ್ಲ. ಅಕಿ ಮಾತಾಡ್ತಿದ್ಲು. ಅವರವ್ವನ ಅಡಗಿಮನ್ಯಾಗ ಕೂತು ನನ್ನ ಮುಂದ ಮಾತಾಡ್ಯಾಳ, ಸಂಜಿ ನಾಲ್ಕಕ್ಕ ಶುರು ಮಾಡಿದಾಕಿ ದೀ‍ಪಾ ಹಚ್ಚಿದ ಮ್ಯಾಲೂ ಮುಗಿಸಿದ್ದಿಲ್ಲ.

ಆ ಪಡಸಾಲಿಯೊಳಗ ಗ್ವಾಡಿಗೆ ಒರಗಿ ಕೂತು ಕೇಳ್ತಿದ್ದ ಸಣ್ಣ ಹುಡುಗರಽ ಇವತ್ತು ಬ್ಯಾರನ್ ಪಾಪ ಅನ್ನೋರು. ಅವರು ಕೆಟ್ಟವರಲ್ಲ. ಯಾರ ಬಾಯಿಂದ ಕಥಿ ಕೇಳೀರಿ ಅಂತ ಅವರನ್ನ ಯಾರೂ ಕೇಳಿಲ್ಲ, ಆಟಾನೂ ಕೇಳಲಿಲ್ಲ, ಅಷ್ಟಽ.

ಈಗ ನಾಲ್ಕನೇ ವಿಚರ್ ಮಾಡ್ಲಿಕ್ಕೆ ಹತ್ಯಾರ. 2024 ರ ಡಿಸೆಂಬರದಾಗ ಅದರ ಮೊದಲ ಚಿತ್ರ ತೋರಿಸಿದ್ರು. ಈ ಸಲ ಗೆರಾಲ್ಟ್ ಅಲ್ಲ, ಸಿರಿನಽ ಮುಖ್ಯ. ಆ ಚಿತ್ರದಾಗ ಒಂದು ಹಳ್ಳಿ, ಊರವರು ಒಂದು ಹುಡುಗಿನ್ನ ರಾಕ್ಷಸಕ್ಕ ಬಲಿ ಕೊಡ್ಲಿಕ್ಕೆ ಹೊರಡ್ತಾರ. ಸಿರಿ ರಾಕ್ಷಸನ್ನ ಕೊಂದು ಹುಡುಗಿನ್ನ ಉಳಸ್ತಾಳ, ಹೊಳ್ಳಿ ಬಂದು ನೋಡಿದ್ರ ಊರವರಽ ಅಕಿನ್ನ ಕೊಂದಿರ್ತಾರ. ಮಗಾ ಫೋನಿನಾಗ ತೋರಿಸಿದ, ಇಬ್ಬರೂ ಸುಮ್ಮನ ಕೂತ್ವಿ. ಸಿರಿ ಕೈಯಾಗ ಕತ್ತಿ ಅದ, ಬಾಯಿನೂ ಅದ, ಅದಕ್ಕ ನನಗ ಚಿಂತಿಲ್ಲ. ಅಕಿ ಹೋಗೋ ಊರೂರಾಗ ಮನಿ ಒಳಗ ಇರೋ ಹೆಂಗಸರು ಇರ್ತಾರಲ್ಲಾ, ಅಕಿ ಅವರ ಬಾಗಲಾ ಬಡೀತಾಳೋ, ಬಡದ್ರ ಅವರಿಗೆ ಮಾತಾಡ್ಲಿಕ್ಕೆ ಎಷ್ಟು ಸಾಲು ಕೊಡ್ತಾರೋ, ನಾ ಎಣಸ್ಕೋತ ಕೂಡಾಕೀನಽ.